ಹತ್ತು ಗಂಟೆಯ ಲೆಕ್ಕ

ಮೇಷ್ಟ್ರ ಕೆಲಸಕ್ಕೆ ಒಂದು ಶಾಪವಿದೆ. ರಜೆ ಸಿಗುವುದೇನೋ ನಿಜ, ಆದರೆ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಡಿಸೆಂಬರಿನ ಮಂಜಿನಲ್ಲಿ ಬೆಟ್ಟ ಹತ್ತುವ ಭಾಗ್ಯ ಬೇರೆಯವರದು. ಪರೀಕ್ಷೆ ಮುಗಿಸಿ, ಪೇಪರ್ ತಿದ್ದಿ, ಫಲಿತಾಂಶದ ಪಟ್ಟಿಗೆ ಸಹಿ ಹಾಕಿ ಹೊರಗೆ ಬಂದರೆ ಶಾಲೆಯ ಮುಂದಿನ ಡಾಂಬರು ಚಪ್ಪಲಿಗೆ ಅಂಟುತ್ತಿರುತ್ತದೆ. ಮಂಡ್ಯ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ನಾನು 1993ರಿಂದ 2004ರವರೆಗೆ, ನಡುವೆ ಎರಡು ವರ್ಷ ಬಿಟ್ಟು, ಪ್ರತಿ ಬೇಸಿಗೆಯಲ್ಲೂ ತಮಿಳುನಾಡಿನ ಬೋಡಿನಾಯಕನೂರಿಗೆ ಹೋಗಿ ಅಲ್ಲಿಂದ ಬೆಟ್ಟ ಹತ್ತಿ ಇಳಿದಿದ್ದೇನೆ. ಊರಿನವರು ಹುಣಸೆಮರದ ನೆರಳಿಗೆ ಚಾಪೆ ಎಳೆದುಕೊಳ್ಳುವ ಕಾಲದಲ್ಲಿ ಬೂಟಿನ ಲಾಡಿ ಬಿಗಿಯುವವನನ್ನು ನಮ್ಮ ಮನೆಯವರು ಏನೆಂದು ಕರೆಯುತ್ತಿದ್ದರೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಬೋಡಿಯೇ ಯಾಕೆಂದರೆ, ಅಲ್ಲಿ ನನ್ನ ಷಡ್ಡಕರಿದ್ದರು. ಸಕಲೇಶಪುರದ ಕಡೆಯ ಏಲಕ್ಕಿ ವ್ಯಾಪಾರದ ಮನೆತನ ಅವರದು. ಏಲಕ್ಕಿಯ ಹರಾಜು ದೊಡ್ಡ ಮಟ್ಟದಲ್ಲಿ ನಡೆಯುವುದು ಬೋಡಿಯಲ್ಲಾದ್ದರಿಂದ ಅಲ್ಲೇ ಮನೆ ಮಾಡಿದ್ದರು. ನನಗಿಂತ ಎಂಟು ವರ್ಷ ದೊಡ್ಡವರು, ನಾನು ಭಾವ ಎನ್ನುತ್ತಿದ್ದೆ. ಮೈತುಂಬ ಏಲಕ್ಕಿಯ ವಾಸನೆ. ವಾಸನೆ ಎಂದರೆ ಪಾಯಸದ ಘಮ ಅಂದುಕೊಳ್ಳಬೇಡಿ. ಗೋಣಿಗಟ್ಟಲೆ ಏಲಕ್ಕಿ ಇಟ್ಟ ಕೋಣೆಯಲ್ಲಿ ಅರ್ಧ ಗಂಟೆ ಕೂತರೆ ತಲೆನೋವು ಬರುತ್ತದೆ. ಆ ತಲೆನೋವಿನಿಂದ ತಪ್ಪಿಸಿಕೊಳ್ಳಲೆಂದೇ ತಾವು ಬೆಟ್ಟಕ್ಕೆ ಬರುವುದು ಎಂದು ಭಾವ ಹೇಳುತ್ತಿದ್ದರು. ನನಗೇನೋ ಅವರ ಬೀಡಿಯ ಮೇಲೆ ಅಕ್ಕನ ಕಣ್ಣು ಬೀಳದ ಜಾಗ ಬೇಕಿತ್ತು ಅನ್ನಿಸುತ್ತಿತ್ತು.

ಮದುರೈನಿಂದ ಬೋಡಿಗೆ ಆಗ ಮೀಟರ್ ಗೇಜ್ ರೈಲು. 1928ರಲ್ಲಿ ಹಾಕಿದ ದಾರಿ, ಸುಮಾರು 90 ಕಿಲೋಮೀಟರ್. ಉಸಿಲಂಪಟ್ಟಿ ದಾಟಿ, ಆಂಡಿಪಟ್ಟಿಯ ಗುಡ್ಡಗಳ ನಡುವೆ ನುಸುಳಿ ಥೇನಿಯ ಬಯಲಿಗೆ ಇಳಿದಾಗ ಥಟ್ಟನೆ ಮೂರು ದಿಕ್ಕಿಗೂ ಗೋಡೆ ಎದ್ದು ನಿಲ್ಲುತ್ತಿತ್ತು. ಬಲಕ್ಕೆ ಪಳನಿ ಬೆಟ್ಟ, ಎದುರಿಗೆ ಮುನ್ನಾರಿನ ಹೊರಮೈ, ಎಡಕ್ಕೆ ದೂರದಲ್ಲಿ ಮೇಘಮಲೆ. ಈ ಗೋಡೆಗಳ ಆಚೆ ಕೇರಳ ಮಳೆಯಲ್ಲಿ ನೆನೆಯುತ್ತಿರುತ್ತದೆ. ಈಚೆಗೆ ದಾಟಿ ಬರುವುದು ಗಾಳಿ ಮಾತ್ರ, ಅದೂ ಜೂನ್ ಬಂದ ಮೇಲೆ. ಮೇ ತಿಂಗಳಲ್ಲಿ ಕಣಿವೆ ಮುಚ್ಚಿದ ಹಂಡೆಯ ಹಾಗೆ ಕಾಯುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನನಗೆ ತಿಳಿಯಲು ಒಂದು ಇಡೀ ಬೇಸಿಗೆ ಬೇಕಾಯಿತು. ಬೋಡಿಯ ಬೆಟ್ಟಗಳು ಪೂರ್ವಕ್ಕೆ ಮುಖ ಮಾಡಿ ಕೂತಿವೆ. ನಮ್ಮ ಮಲೆನಾಡಿನಲ್ಲಿ ಪಡುವಣಕ್ಕೆ ಇಳಿಯುವ ಘಾಟಿಗಳಲ್ಲಿ ಬೆಳಗಿನ ಹೊತ್ತು ಬೆಟ್ಟವೇ ನೆರಳು ಕೊಡುತ್ತದೆ, ಎಂಟು ಗಂಟೆಗೆ ಹೊರಟರೂ ನಡೆಯುತ್ತದೆ. ಇಲ್ಲಿ ಆರು ಗಂಟೆಗೆ ಹುಟ್ಟಿದ ಸೂರ್ಯ ನೇರವಾಗಿ ಬೆನ್ನಿಗೆ ಬಂದು ಕೂರುತ್ತಾನೆ. ಬಂಡೆ ಏಳಕ್ಕೇ ಬೆಚ್ಚಗಾಗಿ, ಒಂಬತ್ತಕ್ಕೆ ಸುಡತೊಡಗಿ, ಮಧ್ಯಾಹ್ನ ಮೂರರ ಮೇಲೆ ನೆರಳಿಗೆ ಬೀಳುತ್ತದೆ. ಪಳನಿ ಬೆಟ್ಟದ ತೆಂಕಣ ಇಳಿಜಾರಿಗೆ ಆ ದಾಕ್ಷಿಣ್ಯವೂ ಇಲ್ಲ, ಅದು ದಿನವಿಡೀ ಬಿಸಿಲಿಗೆ ಮೈಯೊಡ್ಡಿರುತ್ತದೆ.

ನಾವು ಮೊದಲು ಹತ್ತಿದ್ದು ಅದನ್ನೇ.

1993ರ ಮೇ. ಪೆರಿಯಕುಳಂ ಹತ್ತಿರದ ಕುಂಬಕ್ಕರೈ ಜಲಪಾತದಿಂದ ವೆಳ್ಳಗವಿ ಎಂಬ ಊರಿನ ಮೇಲೆ ಹಾದು ಕೊಡೈಕೆನಾಲ್ ಸೇರುವ ಹಳೆಯ ಕಾಲುದಾರಿ. ಕೊಡೈಕೆನಾಲನ್ನು ಕಟ್ಟಿದ್ದೇ ಈ ದಾರಿ ಎನ್ನಬೇಕು. ಮದುರೆಯ ಅಮೆರಿಕನ್ ಮಿಷನ್ನಿನವರು ಬಯಲಿನ ಜ್ವರಕ್ಕೆ ಹೆದರಿ 1845ರಲ್ಲಿ ಅಲ್ಲಿ ಮನೆ ಕಟ್ಟಿಕೊಂಡರು. ಆಮೇಲೆ ಎಷ್ಟೋ ವರ್ಷ, 1914ರ ಸುಮಾರಿಗೆ ಬತ್ತಲಗುಂಡು ಕಡೆಯಿಂದ ಲಾ ಸಾಹೇಬನ ಹೆಸರಿನ ಘಾಟಿ ರಸ್ತೆ ತೆರೆಯುವವರೆಗೆ, ದೊರೆಗಳೂ ದೊರೆಸಾನಿಯರೂ ಅವರ ಪಿಯಾನೋಗಳೂ ಇದೇ ದಾರಿಯಲ್ಲಿ ಹೋದವು. ಅಮ್ಮಯನಾಯಕ್ಕನೂರಿನಲ್ಲಿ ರೈಲಿಳಿದು, ರಾತ್ರಿಯೆಲ್ಲ ಎತ್ತಿನ ಗಾಡಿಯಲ್ಲಿ ಬೆಟ್ಟದ ಬುಡದ ಕೃಷ್ಣಮ್ಮ ನಾಯಕ್ ತೋಪಿಗೆ ಬಂದು, ಅಲ್ಲಿಂದ ಕುದುರೆಯ ಮೇಲೆ, ಇಲ್ಲವೇ ಕೂಲಿಯವರ ಹೆಗಲ ಮೇಲಿನ ಕುರ್ಚಿಯಲ್ಲಿ. ಆ ಅಮ್ಮಯನಾಯಕ್ಕನೂರಿನ ಸ್ಟೇಷನ್ನಿಗೆ ಇವತ್ತೂ ‘ಕೊಡೈಕೆನಾಲ್ ರೋಡ್’ ಎಂದೇ ಬೋರ್ಡು. ಕುರ್ಚಿಯಲ್ಲಿ ಕೂತವರು ತಂಪನ್ನು ಹೊಗಳಿ ಬರೆದ ಕಾಗದಗಳು ಸಿಗುತ್ತವೆ. ಹೊತ್ತವರು ಬರೆಯಲಿಲ್ಲ.

ಭಾವನಿಗೂ ನನಗೂ ಇಷ್ಟೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಎಷ್ಟು ಗಂಟೆಗೆ ಹೊರಡಬೇಕು ಎಂಬುದು. ಇಡ್ಲಿ ತಿಂದು, ಪೆರಿಯಕುಳಂ ಬಸ್ ಹಿಡಿದು, ಜಲಪಾತದಲ್ಲಿ ಮುಖ ತೊಳೆದು ಹೊರಟಾಗ ಒಂಬತ್ತೂ ಇಪ್ಪತ್ತು. ಇಬ್ಬರಿಗೂ ಸೇರಿ ಎರಡೂವರೆ ಲೀಟರ್ ನೀರು. ನಾನು ತರಗತಿಯಲ್ಲಿ ವರ್ಷ ವರ್ಷವೂ ಹೇಳಿಕೊಡುತ್ತಿದ್ದ ಪಾಠವೇ ನನ್ನನ್ನು ಕೆಡಿಸಿತು. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪು. ಕೆಳಗೆ ಮೂವತ್ತೆಂಟು ಇದ್ದರೆ ಮೇಲೆ ಇಪ್ಪತ್ತೆಂಟು. “ಹತ್ತುತ್ತ ಹತ್ತುತ್ತ ತಂಪಾಗ್ತದೆ ಭಾವ” ಎಂದೆ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಅದು ಗಾಳಿಯ ಲೆಕ್ಕ. ಬಂಡೆಯ ಲೆಕ್ಕ ಬೇರೆ, ಬೆನ್ನಿನ ಮೇಲಿನ ಹದಿನೈದು ಕಿಲೋ ಚೀಲದ ಲೆಕ್ಕ ಬೇರೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಕಾಲಿಗೆ ಗಂಟೆಗೆ ಮುನ್ನೂರು ಮೀಟರ್ ಏರುವುದೇ ಕಷ್ಟ. ತಂಪು ಶುರುವಾಗುವ ಎತ್ತರಕ್ಕೆ ನಾವು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ನಮಗಿಂತ ಮೊದಲೇ ಬಂದು ಮುಟ್ಟಿರುತ್ತದೆ.

ಹನ್ನೊಂದೂವರೆಗೆ ನೀರು ಮುಗಿಯಿತು. ಹನ್ನೆರಡರ ಹೊತ್ತಿಗೆ ನನ್ನ ಮೀನಖಂಡ ಕಲ್ಲಾಗಿ ಹಿಡಿದುಕೊಂಡಿತು. ಆಮೇಲೆ ಆದದ್ದನ್ನು ನೆನೆದರೆ ಈಗಲೂ ಹೆದರಿಕೆ. ಆ ಉರಿಯಲ್ಲಿ ನನಗೆ ಚಳಿಯಾಗತೊಡಗಿತು. ತೋಳಿನ ರೋಮ ನಿಮಿರಿ ನಿಂತವು. ಬಾಯಿಗೆ ಬಂದ ಮಾತು ನಾಲಿಗೆಯಲ್ಲಿ ತೊಡರುತ್ತಿತ್ತು. ಒಂದು ಮುಳ್ಳುಮರದ ಅರೆನೆರಳಿನಲ್ಲಿ ಕೂತು, ಇಲ್ಲೇ ಒಂದು ಗಳಿಗೆ ಮಲಗಿಬಿಡೋಣ ಅಂದೆ. ಭಾವ ಸಕಲೇಶಪುರದ ಭಾಷೆಯಲ್ಲಿ ಬೈದು ಎಬ್ಬಿಸಿದರು.

ಆಗ ಮೇಲಿನಿಂದ ಒಬ್ಬಳು ಹೆಂಗಸು ಇಳಿದು ಬಂದಳು. ಐವತ್ತರ ಆಸುಪಾಸು, ತಲೆಯ ಮೇಲೆ ಕಾಫಿಬೀಜವೋ ಏನೋ ಒಂದು ಮೂಟೆ, ಬರಿಗಾಲು. ನಮ್ಮನ್ನು ನೋಡಿ ಮೂಟೆ ಇಳಿಸಿ, ಅಲ್ಯೂಮಿನಿಯಂ ತೂಕುಪಾತ್ರೆಯ ಮುಚ್ಚಳ ತೆಗೆದಳು. ತಂಗಳನ್ನದ ನೀರು, ಉಪ್ಪು ಹಾಕಿದ್ದು, ಒಂದು ಈರುಳ್ಳಿ ಚೂರು ತೇಲುತ್ತಿತ್ತು. ತಮಿಳಿನಲ್ಲಿ ನೀರಾಗಾರಂ ಎನ್ನುತ್ತಾರೆ. ಅರ್ಧ ನಾನು ಕುಡಿದೆ, ಅರ್ಧ ಭಾವ. ಆಕೆಗೆ ಉಳಿಯಿತೇ ಎಂದು ನೋಡುವಷ್ಟು ಪ್ರಜ್ಞೆ ಇಬ್ಬರಿಗೂ ಇರಲಿಲ್ಲ. ಉಪ್ಪು ಬೆವರಿನಲ್ಲಿ ಹೋದಾಗ ಬರಿ ನೀರು ಕುಡಿದರೆ ಸಾಲದು ಎಂಬುದು ಒಂಬತ್ತನೇ ತರಗತಿಯ ಪಾಠ. ಅದನ್ನು ಹೇಳಿಕೊಡುವವನು ಬರಿ ನೀರು ತಂದಿದ್ದ, ಓದದವಳು ಉಪ್ಪು ಹಾಕಿಕೊಂಡು ಬಂದಿದ್ದಳು. ನಮ್ಮ ಕೈಗಡಿಯಾರದ ಕಡೆ ಗದ್ದ ತೋರಿಸಿ ಆಕೆ ಹೇಳಿದ್ದು ಒಂದೇ ಮಾತು: “ಪತ್ತು ಮಣಿಕ್ಕುಳ್ಳೆ ಮೇಲೆ ಏರಿಡಣುಂ.” ಹತ್ತು ಗಂಟೆಯೊಳಗೆ ಮೇಲೆ ಹತ್ತಿಬಿಡಬೇಕು. ಮೂಟೆ ಎತ್ತಿಕೊಂಡು ಇಳಿದು ಹೋದಳು.

ವೆಳ್ಳಗವಿ ಮುಟ್ಟಿದ್ದು ಎರಡೂವರೆಗೆ. ಅಲ್ಲಿ ಇನ್ನೊಂದು ಪರೀಕ್ಷೆ ಕಾದಿತ್ತು. ಆ ಊರಿನೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಮನೆಗಳ ನಡುನಡುವೆ ಗುಡಿ, ಗುಡಿಗಳ ನಡುನಡುವೆ ಮನೆ, ಹಾಗಾಗಿ ಊರೇ ದೇವಸ್ಥಾನ. ಊರಬಾಗಿಲಲ್ಲೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಬಿಸಿಲು ಕುಡಿದ ಕಲ್ಲಿನ ಮೇಲೆ ನಾನೂ ಭಾವನೂ ಕೆಂಡ ಹಾಯುವವರ ಹಾಗೆ ಹಾರುತ್ತ ಹೋದದ್ದನ್ನು ಊರಿನ ಮಕ್ಕಳು ಜಗುಲಿಯ ಮೇಲೆ ಸಾಲಾಗಿ ನಿಂತು ನೋಡಿದವು. ಅವುಗಳ ಪಾದಕ್ಕೆ ಆ ಕಲ್ಲು ಏನೂ ಆಗಿರಲಿಲ್ಲ. ಆ ರಾತ್ರಿ ಅಲ್ಲೇ ಒಂದು ಮನೆಯ ಪಡಸಾಲೆಯಲ್ಲಿ ಮಲಗಿದೆವು. ಮಾರನೆಯ ದಿನ ನಾಲ್ಕೂವರೆಗೆ ಎದ್ದು ಒಂಬತ್ತೂವರೆಗೆ ಕೊಡೈಕೆನಾಲ್ ಪಕ್ಕದ ವಟ್ಟಕನಾಲಿನ ಮಂಜಿನಲ್ಲಿದ್ದೆವು. ಹಿಂದಿನ ದಿನ ಚಳಿ ಹತ್ತಿದವನು ಈಗ ನಿಜವಾದ ಚಳಿಯಲ್ಲಿ ನಡುಗುತ್ತ ಟೀ ಕುಡಿದೆ.

2024ರ ಜೂನ್‌ನಲ್ಲಿ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿ ಈ ಮುಳ್ಳುಮರ ನೆನಪಾಯಿತು. ಬ್ರಿಟನ್ನಿನ ಮೈಕೆಲ್ ಮೋಸ್ಲಿ ವೈದ್ಯವಿದ್ಯೆ ಓದಿ ಟಿವಿಗೆ ಹೋದವರು. ವಾರದಲ್ಲಿ ಎರಡು ದಿನ ಉಪವಾಸದ ಪದ್ಧತಿಯನ್ನು ಮನೆಮಾತು ಮಾಡಿದವರು. ದಿನಾ ನಡೆಯಿರಿ ಎಂದು ಲೋಕಕ್ಕೆಲ್ಲ ಹೇಳುತ್ತಿದ್ದವರು. ಅವರು ಹೆಂಡತಿಯ ಜೊತೆ ರಜೆಗೆಂದು ಗ್ರೀಸಿನ ಸಿಮಿ ಎಂಬ ಗುಡ್ಡಗಾಡು ದ್ವೀಪಕ್ಕೆ ಹೋಗಿ, ಜೂನ್ 5ರ ಮಧ್ಯಾಹ್ನ ಒಬ್ಬರೇ ಕಲ್ಲುದಾರಿಯಲ್ಲಿ ನಡೆದು ಹೊರಟರು. ನಾಲ್ಕು ದಿನದ ಮೇಲೆ, ಒಂದು ಕಡಲತೀರದ ಹೋಟೆಲಿಗೆ ಕೂಗಳತೆಯಲ್ಲಿ, ಅವರ ಶವ ಸಿಕ್ಕಿತು. ವೈದ್ಯರಾಗಿದ್ದೂ ಹೀಗೆ ಮಾಡಬಹುದೇ ಎಂದು ನಮ್ಮ ವಾಕಿಂಗ್ ಗುಂಪಿನ ನಿವೃತ್ತರೆಲ್ಲ ಪಾರ್ಕಿನ ಬೆಂಚಿನ ಮೇಲೆ ಆಶ್ಚರ್ಯಪಟ್ಟರು. ನಾನು ಆಶ್ಚರ್ಯಪಡಲಿಲ್ಲ. ಗೊತ್ತಿರುವವನಿಗೇ ತನ್ನ ಮೈಗೆ ಅದು ಅನ್ವಯಿಸುವುದಿಲ್ಲ ಅನ್ನಿಸುವುದು. ಸಿಮಿಯ ಜನ ಆ ಹೊತ್ತಿನಲ್ಲಿ ಕಿಟಕಿ ಮುಚ್ಚಿ ಮಲಗಿರುತ್ತಾರಂತೆ.

ಎರಡನೇ ವರ್ಷದಿಂದ ನಮ್ಮದು ಬೇರೆಯೇ ದಿನಚರಿ. ಮೂರೂವರೆಗೆ ಏಳುವುದು, ಕತ್ತಲಲ್ಲೇ ನಡೆಯುವುದು, ಹತ್ತಕ್ಕೆ ನಿಲ್ಲುವುದು, ನಾಲ್ಕರವರೆಗೆ ನೆರಳಲ್ಲಿ ಬಿದ್ದುಕೊಳ್ಳುವುದು. ಮಜ್ಜಿಗೆಗೆ ಉಪ್ಪು. ತಲೆಗೆ ಒದ್ದೆ ಟವೆಲ್. ಹೀಗೆ ನಡೆಯಲು ಶುರುಮಾಡಿದ ಮೇಲೆ ಗೊತ್ತಾದದ್ದು, ಆ ಹೊತ್ತಿನಲ್ಲಿ ದಾರಿ ಖಾಲಿ ಇರುವುದಿಲ್ಲ ಎಂದು. ಏಲಕ್ಕಿ ತೋಟಕ್ಕೆ ಹೋಗುವ ಹೆಂಗಸರು, ಕಾಫಿ ಹೇರಿದ ಹೇಸರಗತ್ತೆಗಳು, ಪಡಿತರದ ಅಕ್ಕಿ ಹೊತ್ತವರು ಎಲ್ಲರೂ ಆ ಕತ್ತಲಿನಲ್ಲೇ. ಒಂಬತ್ತರ ಮೇಲೆ ಆ ದಾರಿಗಳಲ್ಲಿ ಯಾರೂ ಸಿಗದಿರುವುದನ್ನು ಹಿಂದಿನ ವರ್ಷ ನಾವು ‘ಎಂಥ ನಿರ್ಜನ ಸೌಂದರ್ಯ’ ಎಂದು ಹೊಗಳಿದ್ದೆವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊಟ್ಟಗುಡಿಯಿಂದ ಟಾಪ್ ಸ್ಟೇಷನ್ನಿಗೆ ಹತ್ತುವ ದಾರಿ. ಟಾಪ್ ಸ್ಟೇಷನ್ ಎಂದರೆ ಮುನ್ನಾರಿಗೆ ಹೋದವರು ಜೀಪಿನಲ್ಲಿ ಬಂದು, ಬೇಲಿ ಹಿಡಿದು ಕೆಳಗೆ ನೋಡಿ, ಬೇಯಿಸಿದ ಜೋಳ ತಿಂದು ಹೋಗುವ ಜಾಗ. ಅವರು ನೋಡುವ ಆ ‘ಕೆಳಗೆ’ ನಾವಿರುತ್ತಿದ್ದೆವು. ಹೆಸರಿನಲ್ಲಿ ಸ್ಟೇಷನ್ ಯಾಕೆ ಬಂತೆಂದರೆ, ಮುನ್ನಾರಿನ ಚಹಾ ಹೊರಜಗತ್ತಿಗೆ ಹೋಗುತ್ತಿದ್ದದ್ದು ಕೇರಳದ ಕಡೆಯಿಂದಲ್ಲ, ಬೋಡಿಯ ಕಡೆಯಿಂದ. ಕುಂಡಲ ಕಣಿವೆಯಲ್ಲಿ 1902ರಲ್ಲಿ ಎತ್ತು ಎಳೆಯುವ ಒಂಟಿ ಹಳಿಯ ಬಂಡಿ ಹಾಕಿದರು. 1908ರಲ್ಲಿ ಅದನ್ನು ಎರಡು ಅಡಿ ಅಗಲದ ಪುಟ್ಟ ರೈಲು ಮಾಡಿದರು. ರೈಲು ಬೆಟ್ಟದ ಅಂಚಿಗೆ ಬಂದು ನಿಂತರೆ ಅಲ್ಲಿಂದ ಚಹಾ ಪೆಟ್ಟಿಗೆಗಳು ತಂತಿಯ ಮೇಲೆ ತೂಗಾಡುತ್ತ ಕೊಟ್ಟಗುಡಿಗೆ ಇಳಿದು, ಗಾಡಿಯಲ್ಲಿ ಬೋಡಿಗೆ, ಮುಂದೆ ತೂತ್ತುಕುಡಿಯ ಹಡಗಿಗೆ. ಮೇಲಿನದು ಟಾಪ್ ಸ್ಟೇಷನ್, ಕೆಳಗಿನದು ಬಾಟಮ್ ಸ್ಟೇಷನ್. 1924ರ ಮಹಾಮಳೆ ರೈಲನ್ನು ಕೊಚ್ಚಿಕೊಂಡು ಹೋಯಿತು, ಮತ್ತೆ ಹಾಕಲಿಲ್ಲ. ದಾರಿಯ ನಡುವೆ ಒಂದು ಹಟ್ಟಿಯಿದೆ, ಅದರ ಹೆಸರು ‘ಸೆಂಟ್ರಲ್ ಸ್ಟೇಷನ್’. ನಾವು ಹೋದಾಗ ಹತ್ತಿಪ್ಪತ್ತು ಮನೆ, ಕೋಳಿ, ಕಾಫಿ ಗಿಡ. ಅಲ್ಲಿಯ ಟೀ ಅಂಗಡಿಯವನನ್ನು ಭಾವ ಪ್ರತಿವರ್ಷ ಕೇಳುತ್ತಿದ್ದರು, “ಮುಂದಿನ ರೈಲು ಎಷ್ಟು ಗಂಟೆಗೆ?” ಅವನು ಪ್ರತಿವರ್ಷ ಗೋಡೆಯ ಗಡಿಯಾರ ನೋಡಿ, “ಲೇಟಾಗಿದೆ ಸಾರ್” ಎನ್ನುತ್ತಿದ್ದ.

ನಡಿಗೆಗೆ ನಡುವೆ ಒಂದೆರಡು ದಿನ ಬಿಡುವು ಕೊಟ್ಟು ಕಂಬಂ ಕಡೆಗೆ ಹೋಗುತ್ತಿದ್ದೆವು. ಭಾವನ ಪರಿಚಯದವರ ದ್ರಾಕ್ಷಿ ತೋಟವಿತ್ತು. ಕಂಬಂನ ಪನ್ನೀರ್ ದ್ರಾಕ್ಷಿ ಗೊತ್ತಿರಬೇಕಲ್ಲ, ದಪ್ಪ ಕಪ್ಪು ಹಣ್ಣು, ಬೀಜ ಜಾಸ್ತಿ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ನನಗೆ ಹಣ್ಣಿಗಿಂತ ಚಪ್ಪರ ಮುಖ್ಯ. ಕಲ್ಲುಕಂಬದ ಮೇಲೆ ತಂತಿ ಎಳೆದು ಬಳ್ಳಿ ಹಬ್ಬಿಸಿದ ಎಕರೆಗಟ್ಟಲೆ ನೆರಳು, ಕೆಳಗೆ ನೀರು ಬಿಟ್ಟ ಒದ್ದೆ ಮಣ್ಣು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅದರಡಿ ಹಗ್ಗದ ಮಂಚದ ಮೇಲೆ ಮಲಗಿದಷ್ಟು ಸುಖವಾಗಿ ನಾನು ಯಾವ ಹವಾನಿಯಂತ್ರಿತ ಕೋಣೆಯಲ್ಲೂ ಮಲಗಿಲ್ಲ.

ಒಂದು ಮಧ್ಯಾಹ್ನ, 1996 ಇರಬೇಕು, ಅರೆನಿದ್ದೆಯಲ್ಲಿ ನಮ್ಮಜ್ಜಿಯ ಮಾತು ಕೇಳಿಸಿತು. ನಮ್ಮಜ್ಜಿ ತೀರಿಕೊಂಡು ಆಗ ಹತ್ತು ವರ್ಷ. ಕಣ್ಣು ಬಿಟ್ಟರೆ ಪಕ್ಕದ ಸಾಲಿನಲ್ಲಿ ಇಬ್ಬರು ಮುದುಕಿಯರು ಗೊಂಚಲು ಕತ್ತರಿಸುತ್ತ ಮಾತಾಡಿಕೊಳ್ಳುತ್ತಿದ್ದಾರೆ. ರಾಗ ಪೂರಾ ತಮಿಳಿನದು, ಆದರೆ ನಡುವೆ ‘ನೀರು’, ‘ಬಿಸ್ಲು’, ‘ಹೊತ್ತು’. ಎದ್ದು ಹೋಗಿ ಕನ್ನಡದಲ್ಲಿ ಮಾತಾಡಿಸಿದೆ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ನನ್ನ ಪುಸ್ತಕದ ಕನ್ನಡ ಅವರಿಗೆ ಅರ್ಧ ತಿಳಿಯಿತು, ಅವರದು ನನಗೆ ಅರ್ಧ. ಅವರು ಕಾಪ್ಪಿಲಿಯರು, ಒಕ್ಕಲಿಗ ಕಾಪ್ಪಿಲಿಯರೆಂದೂ ಹೇಳುತ್ತಾರೆ. ನೂರಾರು ವರ್ಷಗಳ ಹಿಂದೆ ತುಂಗಭದ್ರೆಯ ದಡದಿಂದ ದಂಗೆಗಳಿಗೆ ಹೆದರಿ ಇಳಿದು ಬಂದವರು ತಾವೆಂದು ಅವರ ನಂಬಿಕೆ. ಮನೆಯೊಳಗೆ ಕನ್ನಡ, ಹೊಸ್ತಿಲ ಹೊರಗೆ ತಮಿಳು, ಬರವಣಿಗೆ ಎಂದರೂ ತಮಿಳೇ. ಕನ್ನಡದ ಒಂದು ಅಕ್ಷರ ನೋಡದೆ ಇಷ್ಟು ಕಾಲ ಅದನ್ನು ಬಾಯಲ್ಲೇ ಉಳಿಸಿಕೊಂಡವರ ಮುಂದೆ ಕನ್ನಡ ಮಾಧ್ಯಮದ ಮೇಷ್ಟ್ರು ನಾನು ಏನು ಮಾತಾಡಲಿ?

ಅವರೇ ನಮ್ಮನ್ನು ಕಂಬಂ ಊರಿನ ನಂದಗೋಪಾಲಸ್ವಾಮಿಯ ತೊಳುವಿಗೆ ಕಳಿಸಿದರು. ತೊಳು ಎಂದರೆ ದೊಡ್ಡಿ. ಗೋಪುರವಿಲ್ಲ, ವಿಗ್ರಹವಿಲ್ಲ. ದನಗಳೇ ದೇವರು. ತಮಿಳಿನಲ್ಲಿ ‘ತಂಬಿರಾನ್ ಮಾಡು’, ಅವರ ಕನ್ನಡದಲ್ಲಿ ‘ದೇವರ ಆವು’. ಮಾಟ್ಟುಪೊಂಗಲಿನ ದಿನ ಹುಟ್ಟಿದ ಕರುವನ್ನು ಸುತ್ತಲಿನ ಊರಿನವರು ಇಲ್ಲಿಗೇ ತಂದು ಬಿಡುತ್ತಾರೆ. ಮಂದೆಗೆ ಒಂದು ಪಟ್ಟದ ಎತ್ತು. ಅದು ಸತ್ತರೆ ಮುಂದಿನದನ್ನು ಆರಿಸುವ ಕ್ರಮವನ್ನು 1906ರ ಮದುರಾ ಗೆಜೆಟಿಯರ್‌ನಲ್ಲಿ ಫ್ರಾನ್ಸಿಸ್ ಬರೆದಿದ್ದಾನೆ. ಮಂದೆಯ ಮುಂದೆ ಕಬ್ಬಿನ ಕಂತೆ ಇಡುತ್ತಾರೆ, ಯಾವ ಹೋರಿ ಮೊದಲು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಮಂಡ್ಯದವನಾದ ನನಗೆ ಇದಕ್ಕಿಂತ ನ್ಯಾಯವಾದ ಚುನಾವಣೆ ಇನ್ನೊಂದಿದೆ ಅನ್ನಿಸಲಿಲ್ಲ.

ಮಂಡ್ಯ ಎಂದಾಗ ಒಂದು ತಪ್ಪೊಪ್ಪಿಗೆ. ಕಾವೇರಿಯ ಮಧ್ಯಂತರ ತೀರ್ಪಿನ ಮೇಲೆ 1991ರ ಡಿಸೆಂಬರಿನಲ್ಲಿ ಗಲಭೆಗಳಾಗಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಟೀ ಅಂಗಡಿಗಳಲ್ಲಿ ಯಾವೂರು ಎಂದು ಕೇಳಿದರೆ ನಾನು ‘ಮೈಸೂರು’ ಎಂದು ಅರೆಸತ್ಯ ಹೇಳುತ್ತಿದ್ದೆ. ಕಂಬಂ ಕಣಿವೆಯಲ್ಲಿ ನೀರೆಂದರೆ ಏನೆಂದು ಎಲ್ಲರಿಗೂ ಗೊತ್ತು. ಪಡುವಣಕ್ಕೆ ಹರಿಯುತ್ತಿದ್ದ ಪೆರಿಯಾರ್ ಹೊಳೆಯನ್ನು ಕಟ್ಟಿ, ಬೆಟ್ಟ ಕೊರೆದು, ಮೂಡಣಕ್ಕೆ ತಿರುಗಿಸಿದವನು ಕರ್ನಲ್ ಪೆನ್ನಿಕ್ವಿಕ್. 1895ರಲ್ಲಿ ಕೆಲಸ ಮುಗಿಯಿತು. ಲೋವರ್ ಕ್ಯಾಂಪಿನ ವಿದ್ಯುತ್ ಕೇಂದ್ರದ ಕೆಳಗೆ ಧುಮ್ಮಿಕ್ಕಿ ಬರುವ ಆ ನೀರು ಕಣಿವೆಯ 14,707 ಎಕರೆಗೆ ಎರಡು ಬೆಳೆ ಕೊಡುತ್ತದೆ. ಜೂನ್ 1ಕ್ಕೆ ನೀರು ಬಿಡುವುದು ವಾಡಿಕೆ. ಮೇ ಕೊನೆಯಲ್ಲಿ ಹೋದರೆ ರೈತರು ಒಣಗಿದ ಕಾಲುವೆಯ ಏರಿಯ ಮೇಲೆ ನಿಂತು ಪಡುವಣ ಮೋಡ ನೋಡುತ್ತಿರುತ್ತಾರೆ. ಟೀ ಅಂಗಡಿಗಳಲ್ಲಿ ಗಣಪತಿ, ಮುರುಗನ ಪಟದ ಪಕ್ಕ ಮೀಸೆ ಹೊತ್ತ ಬಿಳಿಯನ ಪಟ, ಅದಕ್ಕೆ ಕುಂಕುಮ. ನಮ್ಮ ಕಡೆ ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಹಾಕುವುದನ್ನು ನೋಡಿ ಬೆಳೆದವನಿಗೆ ಇದು ವಿಚಿತ್ರವೆನಿಸಲಿಲ್ಲ. ಮೂರನೇ ವರ್ಷ ಒಂದು ಅಂಗಡಿಯಲ್ಲಿ ಧೈರ್ಯ ಮಾಡಿ ‘ಮಂಡ್ಯ’ ಎಂದೆ. ಅಂಗಡಿಯ ಅಜ್ಜ ಟೀ ಎತ್ತಿ ಹೊಯ್ಯುವುದನ್ನು ನಿಲ್ಲಿಸಿ, “ಅಲ್ಲಿ ಡ್ಯಾಂ ತುಂಬಿದೆಯಾ?” ಎಂದು ಕೇಳಿದ. ಇಲ್ಲ ಎಂದೆ. “ಇಲ್ಲೂ ಇಲ್ಲ” ಎಂದ.

ದಿಂಡಿಗಲ್ ಕಡೆಗೆ ಹೋದದ್ದು ಎರಡೇ ಸಲ. ಸಿರುಮಲೆಯಲ್ಲಿ ಒಂದು ರಾತ್ರಿ ಇದ್ದು, ಅಲ್ಲಿಯ ಗಿಡ್ಡ ಹುಳಿಸಿಹಿ ಬೆಟ್ಟದ ಬಾಳೆ ತಿಂದು, ಅದನ್ನು ಹೇರಿಕೊಂಡು ಇಳಿಯುವ ಕುದುರೆಗಳ ಹಿಂದೆ ನಡೆದೆವು. ದಿಂಡಿಗಲ್ಲಿನ ಕೋಟೆಬಂಡೆಯನ್ನು ಮಾತ್ರ ಮಧ್ಯಾಹ್ನ ಹತ್ತಿದೆವು. ಬಸ್ಸಿಗೆ ಮೂರು ಗಂಟೆ ಹೊತ್ತಿತ್ತು, ಬುದ್ಧಿ ಕೈಕೊಟ್ಟಿತ್ತು. ಮದುರೆಯ ಮುತ್ತುಕೃಷ್ಣಪ್ಪ ನಾಯಕ 1605ರಲ್ಲಿ ಕಟ್ಟಿಸಿದ ಕೋಟೆ, 1755ರಲ್ಲಿ ಮೈಸೂರಿನ ಫೌಜುದಾರನಾಗಿ ಹೈದರಾಲಿ ಬಂದು ಕೂತು ಬಲಿತ ಜಾಗ. ಬೋಳು ಬಂಡೆಯ ಮೇಲೆ ಒಂದು ಹುಲ್ಲುಕಡ್ಡಿಯಷ್ಟೂ ನೆರಳಿಲ್ಲ. ಹೈದರ ಇಲ್ಲಿಂದ ಮೈಸೂರಿಗೆ ಯಾಕೆ ಅಷ್ಟು ಆತುರದಲ್ಲಿ ವಾಪಸು ಬಂದ ಎಂಬುದು ಗೊತ್ತಾಯಿತು ಎಂದು ಭಾವ ಹೇಳಿದರು. ಇಳಿದು ಬಂದು ಒಂದು ದಿಂಡಿಗಲ್ ಬೀಗ ಕೊಂಡೆ. ಅದು ಇವತ್ತೂ ನಮ್ಮ ಹಿತ್ತಿಲ ಬಾಗಿಲಲ್ಲಿದೆ, ಬೀಗದ ಕೈ ಕಳೆದಿದೆ.

ಇನ್ನು ಬೋಡಿಯ ಹತ್ತಿರ ಬೆಟ್ಟದ ಬುಡದಲ್ಲಿರುವ ಕುರಂಗಣಿಯ ವಿಷಯ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ.

ಬೋಡಿಯ ಭಾವನ ಮನೆಗೆ ತಾರಸಿಯಿತ್ತು. ಸೆಕೆಗೆ ಎಲ್ಲರೂ ಅಲ್ಲೇ ಮಲಗುವುದು. ಕೆಲವು ರಾತ್ರಿ ಪಡುವಣ ಬೆಟ್ಟದ ಮೇಲೆ ಬೆಂಕಿಯ ಸಾಲು ಕಾಣಿಸುತ್ತಿತ್ತು. ಕತ್ತಲಲ್ಲಿ ಬೆಟ್ಟ ಕಾಣದೆ ಬರಿ ಕೆಂಪು ಸರವೊಂದು ಆಕಾಶದಲ್ಲಿ ತೂಗುತ್ತಿರುವ ಹಾಗೆ. ಮಕ್ಕಳನ್ನು ಎಬ್ಬಿಸಿ ತೋರಿಸುತ್ತಿದ್ದೆವು. ಚಂದ ಎನ್ನುತ್ತಿದ್ದೆವು. ಒಣಹುಲ್ಲಿಗೆ ಹತ್ತಿದ ಬೆಂಕಿ ಏರಿನಲ್ಲಿ ಮನುಷ್ಯ ಓಡುವುದಕ್ಕಿಂತ ಜೋರಾಗಿ ಓಡುತ್ತದೆ. ಬಿಸಿಗಾಳಿ ಮೇಲಕ್ಕೇರಿ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ. ಸಂವಹನ ಎಂಬ ಪಾಠದಲ್ಲಿ ಅದೂ ಇದೆ.

ಕುರಂಗಣಿಯಿಂದ ಕೊಳುಕ್ಕುಮಲೆಗೆ ನಾವು ನಾಲ್ಕು ಸಲ ಹತ್ತಿದ್ದೇವೆ. ಮೇಲೆ ಏಳು ಸಾವಿರ ಅಡಿಯಲ್ಲಿ ಚಹಾ ತೋಟ, ಹಳೆಯ ಮರದ ಕಾರ್ಖಾನೆ. ಅದರ ಕೆಳಗಿನ ಇಳಿಜಾರಿನಲ್ಲಿ ಮರ ಕಡಿಮೆ, ಎದೆಮಟ್ಟದ ಹುಲ್ಲು. ಏಪ್ರಿಲ್‌ನಲ್ಲಿ ಅದು ಮುಟ್ಟಿದರೆ ಮುರಿಯುತ್ತದೆ. ಆ ಹುಲ್ಲಿನ ನಡುವೆ ಒಂದು ಚಪ್ಪಟೆ ಬಂಡೆಯಿತ್ತು, ಕೆಳಗೆ ಬೋಡಿ ಪೂರಾ ಕಾಣುವ ಜಾಗ. ನಾಲ್ಕು ಸಲವೂ ನಾವು ಅಲ್ಲಿ ಕೂತು, ಸೀಮೆಎಣ್ಣೆಯ ಪಂಪ್ ಸ್ಟೌ ಹಚ್ಚಿ ಕಾಫಿ ಕಾಸಿದ್ದೇವೆ. ಭಾವ ಬೀಡಿ ಸೇದಿದ್ದಾರೆ. ತುಂಡನ್ನು ಬಂಡೆಗೆ ಉಜ್ಜಿ ಆರಿಸುತ್ತಿದ್ದರು, ಅದು ನನಗೆ ನೆನಪಿದೆ. ಪ್ರತಿ ಸಲವೂ ಉಜ್ಜಿದರೇ ಎಂಬುದು ನೆನಪಿಲ್ಲ.

2018ರ ಮಾರ್ಚ್ 11, ಭಾನುವಾರ. ಆ ಇಳಿಜಾರಿನಲ್ಲಿ ಕೊಳುಕ್ಕುಮಲೆಯಿಂದ ಕುರಂಗಣಿಗೆ ಇಳಿಯುತ್ತಿದ್ದ ಎರಡು ಗುಂಪಿನ ಚಾರಣಿಗರು ಕಾಡ್ಗಿಚ್ಚಿಗೆ ಸಿಕ್ಕಿದರು. ಹೆಚ್ಚಿನವರು ಚಿಕ್ಕ ವಯಸ್ಸಿನವರು, ಹೆಣ್ಣುಮಕ್ಕಳು ಬಹಳ. ಸ್ಥಳದಲ್ಲೂ ಆಮೇಲೆ ಆಸ್ಪತ್ರೆಗಳಲ್ಲೂ ಸೇರಿ 23 ಜನ ಹೋದರು. ಟಿವಿಯಲ್ಲಿ ವಾಯುಪಡೆಯ ಹೆಲಿಕಾಪ್ಟರ್ ತಿರುಗುತ್ತಿತ್ತು, ಕಪ್ಪಾದ ಇಳಿಜಾರು ಕಾಣುತ್ತಿತ್ತು. ಮಾರನೆಯ ರಾತ್ರಿ ಭಾವ ಫೋನ್ ಮಾಡಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು, ಬೀಡಿ ಬಿಟ್ಟು ಎಷ್ಟೋ ಕಾಲವಾಗಿತ್ತು.

“ನೋಡಿದೆಯೇನಪ್ಪ?”

“ನೋಡಿದೆ ಭಾವ.”

“ನಾವು ಕಾಫಿ ಕಾಸ್ತಿದ್ದ ಬಂಡೆ...”

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅವರು ಮತ್ತೆ ಅದರ ಮಾತೆತ್ತಲಿಲ್ಲ. ಮರುವರ್ಷ ತೀರಿಕೊಂಡರು.

ಆ ಮಕ್ಕಳು ತಪ್ಪು ಕಾಲದಲ್ಲಿ ಹೋದರು, ಅನುಮತಿ ಹೀಗಿತ್ತು, ಹಾಗಿತ್ತು ಎಂದು ಆಗ ಬಹಳ ಜನ ಬರೆದರು. ನನಗೆ ಅದನ್ನು ಓದಲಾಗುತ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ನಾಲ್ಕು ಸಲ ಅದೇ ಬೇಸಿಗೆಯಲ್ಲಿ, ಅದೇ ಹುಲ್ಲಿನಲ್ಲಿ ಸ್ಟೌ ಹಚ್ಚಿದ ನಾನು ‘ಅನುಭವಿ’, ಅವರು ‘ಅಜಾಗರೂಕರು’ ಎಂದು ಯಾವ ಬಾಯಿಂದ ಹೇಳುವುದು? ಬೆಂಕಿಯ ವಿಷಯದಲ್ಲಿ ನನ್ನ ಅನುಭವವೆಂದರೆ ಬೆಂಕಿ ಹತ್ತಿಕೊಳ್ಳಲಿಲ್ಲ, ಅಷ್ಟೇ. ಬಿಸಿಲಿನ ಬಗ್ಗೆ ಎಚ್ಚರಿಸಲು ನಮಗೆ ಒಬ್ಬಳು ಹೆಂಗಸು ಸಿಕ್ಕಿದ್ದಳು. ಹುಲ್ಲಿನ ಬಗ್ಗೆ ಯಾರೂ ಸಿಕ್ಕಿರಲಿಲ್ಲ. ಸಿಕ್ಕಿದ್ದರೂ ಕೇಳುತ್ತಿದ್ದೆವೋ ಇಲ್ಲವೋ.

ಆ ವರ್ಷವೇ ತಮಿಳುನಾಡು ಸರ್ಕಾರ ಚಾರಣಕ್ಕೆ ನಿಯಮಗಳನ್ನು ಮಾಡಿತು. ಫೆಬ್ರವರಿ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಬೆಂಕಿಯ ಕಾಲವೆಂದು ಕಾಡಿನ ದಾರಿಗಳನ್ನು ಮುಚ್ಚುತ್ತಾರೆ. 2024ರ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯೇ 40 ದಾರಿಗಳನ್ನು ಗುರುತಿಸಿ, ಸ್ಥಳೀಯ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಮಾರ್ಗದರ್ಶಿಗಳನ್ನಾಗಿ ಮಾಡಿ, ಆನ್‌ಲೈನ್‌ನಲ್ಲಿ ಟಿಕೆಟ್ ಕೊಡತೊಡಗಿತು. ಕುರಂಗಣಿಯಿಂದ ಸಾಂಬಲಾರು ಹೊಳೆಯ ಕಡೆಗೆ ಹೋಗುವ ದಾರಿ ಅದರಲ್ಲಿದೆ. ಹೀಗೆ ಹಣ ಕೊಟ್ಟು, ಸಾಲಿನಲ್ಲಿ ನಡೆಯುವುದು ಏನು ನಡಿಗೆ ಎಂದು ನನ್ನ ಹಳೆಯ ಗೆಳೆಯನೊಬ್ಬ ಮೂಗು ಮುರಿಯುತ್ತಾನೆ. ನಾನು ಮುರಿಯುವುದಿಲ್ಲ. ಕಾಡಿಗೆ ದನ ಹೊಡೆಯುವವರನ್ನು ತಡೆದು ಚಾರಣಿಗರಿಗೆ ಟಿಕೆಟ್ ಕೊಡುವುದರ ಬಗ್ಗೆ ಬೇಕಾದರೆ ಮಾತಾಡೋಣ. 2022ರ ಹೈಕೋರ್ಟ್ ಆದೇಶದ ನಂತರ ಮೇಘಮಲೆಯ ಹುಲಿ ಮೀಸಲು ಕಾಡಿನೊಳಗೆ ಮಲೆಮಾಡು ಎಂಬ ಬೆಟ್ಟದ ದನಗಳಿಗೆ ಮೇವಿಲ್ಲ. ಆದರೆ ಅದು ಬೇರೆ ಲೇಖನ, ಬರೆಯಬೇಕಾದವರು ಬೇರೆ.

2025ರ ಮೇ ತಿಂಗಳಲ್ಲಿ ಹೆಂಡತಿಯ ಜೊತೆ ಬೋಡಿಗೆ ಹೋಗಿದ್ದೆ, ಅವಳ ಅಕ್ಕನನ್ನು ನೋಡಿಬರಲು. ಮೀಟರ್ ಗೇಜನ್ನು 2010ರ ಕೊನೆಯಲ್ಲಿ ಮುಚ್ಚಿ ಕಿತ್ತರು. ಅಗಲ ಹಳಿ ಥೇನಿಗೆ 2022ರಲ್ಲಿ, ಬೋಡಿಗೆ 2023ರ ಜೂನ್‌ನಲ್ಲಿ ಬಂತು. ಸ್ಟೇಷನ್ ಹೊಸದು, ಬೆಟ್ಟ ಅದೇ. ನನಗೀಗ ಮಂಡಿ ನೋವು. ಆದರೂ ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಕುರಂಗಣಿಗೆ ಹೋದೆ. ಹತ್ತುವುದಕ್ಕಲ್ಲ, ಟೀ ಕುಡಿಯುವುದಕ್ಕೆ. ಏಲಕ್ಕಿ ತೋಟದ ಹೆಂಗಸರು ತೂಕುಪಾತ್ರೆ ಹಿಡಿದು ಜೀಪಿಗೆ ಕಾಯುತ್ತಿದ್ದರು. ಅವರಲ್ಲೊಬ್ಬಳು ನನ್ನ ಬೂಟು ನೋಡಿ, ಮೇಲೆ ಹೋಗುತ್ತೀರಾ ತಾತ ಎಂದು ಕೇಳಿದಳು. ಇಲ್ಲಮ್ಮ ಎಂದೆ. ಒಳ್ಳೆಯದು, ಹೊತ್ತಾಯಿತು ಎಂದಳು. ಗಡಿಯಾರ ನೋಡಿದೆ, ಆರೂ ಮುಕ್ಕಾಲು. ಈಗ ಅವರ ಲೆಕ್ಕ ಹತ್ತಕ್ಕಿಂತ ಹಿಂದಕ್ಕೆ ಬಂದಿತ್ತು.

ವಾಪಸು ಹೊರಟದ್ದು ರಾತ್ರಿಯ ರೈಲಿಗೆ. ಎಂಟೂವರೆ, ಕತ್ತಲಾಗಿ ಬಹಳ ಹೊತ್ತಾಗಿತ್ತು. ಅಕ್ಕ ಕೊಟ್ಟ ಪನ್ನೀರ್ ದ್ರಾಕ್ಷಿಯ ಪೆಟ್ಟಿಗೆಯನ್ನು ಸೀಟಿನಡಿ ತಳ್ಳಿ, ಪಡುವಣಕ್ಕೆ ಏನಾದರೂ ಕೆಂಪಗೆ ಕಾಣುತ್ತದೆಯೇ ಎಂದು ಕಿಟಕಿಗೆ ಮುಖ ತಂದೆ. ಏನೂ ಕಾಣಲಿಲ್ಲ. ಹಿಡಿದುಕೊಂಡ ಕಿಟಕಿಯ ಸರಳು ಇನ್ನೂ ಬಿಸಿಯಾಗಿತ್ತು.